ನಾನು ಅಳಿಸಿದ ಹದಿನಾಲ್ಕು ಜೋಗುಳಗಳು

ಮನೆಯಲ್ಲಿ ವಸ್ತುಗಳು ಕಳೆದುಹೋಗುವುದು ಶಿಸ್ತಿಲ್ಲದವರ ಕೈಯಿಂದ ಎಂದು ನಾನು ಅರವತ್ತೊಂಬತ್ತು ವರ್ಷ ನಂಬಿಕೊಂಡು ಬಂದೆ. ನಂಬಿದ್ದಷ್ಟೇ ಅಲ್ಲ, ಹೆಂಡತಿ ಮಕ್ಕಳಿಗೆ ಬೋಧಿಸಿಯೂ ಇದ್ದೇನೆ. ಈಗ ಒಪ್ಪಿಕೊಳ್ಳಬೇಕಾಗಿದೆ: ನಮ್ಮ ಮನೆಯಲ್ಲಿ ಇಂದಿನವರೆಗೆ ಕಳೆದ ವಸ್ತುಗಳಲ್ಲೆಲ್ಲ ಅತಿ ಅಮೂಲ್ಯವಾದದ್ದನ್ನು ಕಳೆದವನು ನಾನೇ. ಅದೂ ಅಜಾಗರೂಕತೆಯಿಂದಲ್ಲ; ಸ್ನಾನ ಮಾಡಿ, ಕನ್ನಡಕ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕುಳಿತು, ಪೂರ್ಣ ಶಿಸ್ತಿನಿಂದ ಕಳೆದೆ.

ರಾಂಜಣಗಾಂವದ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದವನು. ಪುಣೆಯಿಂದ ಕಂಪನಿ ಬಸ್ಸು ಆರೂ ಹತ್ತಕ್ಕೆ ಹೊರಡುತ್ತಿತ್ತು. ಆರೂ ಐದಕ್ಕೆ ನಾನು ರಸ್ತೆಯ ತುದಿಯಲ್ಲಿ ನಿಂತಿರುತ್ತಿದ್ದೆ. ನನ್ನನ್ನು ನೋಡಿ ಡ್ರೈವರ್ ತನ್ನ ಗಡಿಯಾರ ಸರಿ ಮಾಡಿಕೊಳ್ಳುತ್ತಾನೆಂದು ಜೊತೆಗಾರರು ಮರಾಠಿಯಲ್ಲಿ ಆಡಿಕೊಳ್ಳುತ್ತಿದ್ದರು. ನಾನು ಅದನ್ನು ಹೊಗಳಿಕೆಯೆಂದೇ ಸ್ವೀಕರಿಸಿದೆ. ಉಗ್ರಾಣದ ಮೊದಲ ಪಾಠ, ಒಂದು ವಸ್ತುವಿಗೆ ಒಂದೇ ಜಾಗ. ಒಂದೇ ಅಳತೆಯ ನಟ್ಟು ಎರಡು ಕಪಾಟಿನಲ್ಲಿ ಸಿಕ್ಕಿತೆಂದರೆ ಅದು ಉಗ್ರಾಣವಲ್ಲ, ಸಂತೆ. ಈ ಪಾಠವನ್ನು ನಿವೃತ್ತಿಯ ದಿನ ಕಾರ್ಖಾನೆಯಲ್ಲೇ ಬಿಟ್ಟು ಬಂದಿದ್ದರೆ ಇಷ್ಟು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ನಿವೃತ್ತಿಯ ನಂತರ ನಾನೊಂದು ಹಾರ್ಡ್ ಡಿಸ್ಕ್ ಕೊಂಡೆ. ಅಂಗೈಯಷ್ಟು ಅಗಲದ ಕಪ್ಪು ಡಬ್ಬಿ. ಮನೆಯವರ ಫೋಟೋ, ಮದುವೆಯ ವಿಡಿಯೋ, ಕಾಗದಪತ್ರ ಎಲ್ಲವೂ ಅದರೊಳಗೆ. ಪ್ರತಿ ಭಾನುವಾರ ಸ್ನಾನವಾದ ಮೇಲೆ ಅದನ್ನು ಬಟ್ಟೆಯ ಚೀಲದಿಂದ ತೆಗೆದು, ಆ ವಾರದ್ದನ್ನು ಸೇರಿಸಿ, ಮತ್ತೆ ಕಪಾಟಿನ ಎರಡನೆಯ ಖಣದಲ್ಲಿಡುತ್ತಿದ್ದೆ. ಅದೇ ಹೊತ್ತಿಗೆ ನನ್ನ ಹೆಂಡತಿ ಸುಶೀಲಾ ದೇವರ ಸಾಮಾನು ತೊಳೆಯುತ್ತಿದ್ದಳು. "ಛಲೋ ಆತು, ಇಬ್ಬರದೂ ಪೂಜಾ ಒಮ್ಮೆಲೇ ಮುಗೀತದ" ಎನ್ನುತ್ತಿದ್ದಳು.

ಆ ಡಿಸ್ಕಿನಲ್ಲಿ ನನ್ನ ಅತ್ತೆ, ಸುಶೀಲಾಳ ಅವ್ವ, ಹಾಡಿದ ಹದಿನಾಲ್ಕು ಜೋಗುಳಗಳಿದ್ದವು. ನಾಲ್ಕು ವರ್ಷದ ಹಿಂದೆ ಅವರು ವಿಜಯಪುರದಿಂದ ಬಂದು ನಮ್ಮಲ್ಲಿದ್ದಾಗ ಸುಶೀಲಾ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದಳು. ಅತ್ತೆ ಈಗಿಲ್ಲ. ಆ ಹಾಡುಗಳನ್ನು ನಾನು ಡಿಸ್ಕಿಗೆ ಹಾಕಿದ್ದೆನೇ ಹೊರತು ಒಮ್ಮೆಯೂ ಕೇಳಿರಲಿಲ್ಲ. ಉಗ್ರಾಣದವನು ನಟ್ಟು ಎಣಿಸುತ್ತಾನೆ, ತಿರುಗಿಸಿ ನೋಡುವುದಿಲ್ಲ.

ನನ್ನ ಮಗಳು ವಿದ್ಯಾ ಹಿಂಜವಾಡಿಯ ಸಾಫ್ಟ್‌ವೇರ್ ಆಫೀಸಿನಲ್ಲಿದ್ದಾಳೆ. ಅವಳಿಗೆ ನನ್ನ ಡಬ್ಬಿಯನ್ನು ಕಂಡರೆ ನಗು.

"ಅಪ್ಪಾ, ಅದು ಕೈಜಾರಿ ಬಿತ್ತಂದ್ರ?"

"ನನ್ನ ಕೈಯಿಂದ ಇವತ್ತಿನ ತನಕಾ ಏನೂ ಬಿದ್ದಿಲ್ಲ."

"ಕಳ್ಳರು ಒಯ್ದ್ರ?"

"ಕಳ್ಳರು ನಿಮ್ಮಜ್ಜಿ ಹಾಡು ಒಯ್ದು ಏನ್ ಮಾಡ್ತಾರವಾ? ಅವರ ಕೂಸು ಮಲಗಸ್ತಾರೇನು?"

"ಕ್ಲೌಡ್‌ದಾಗ ಇಡ್ರಿ. ಎಲ್ಲಿಂದ ಬೇಕಾದ್ರೂ ತಗೀಬಹುದು."

"ಆ ಕ್ಲೌಡ್ ಎಲ್ಲಿ ಅದ?"

"ಎಲ್ಲೋ ಅದ, ಅಪ್ಪಾ. ಅದನ್ನ ಯಾಕ ಕೇಳ್ತೀರಿ?"

"ಎಲ್ಲೋ ಅಂದ್ರ? ಯಾವ ಕಪಾಟು, ಯಾವ ಖಣ?"

ನನ್ನ ಉಗ್ರಾಣದಲ್ಲಿ 'ಎಲ್ಲೋ ಇದೆ ಸಾಹೇಬ್ರೇ' ಎಂದವರಿಗೆ ನಾನು ಮೆಮೊ ಕೊಟ್ಟಿದ್ದೇನೆ. ಆದರೆ ಒಂದು ಸಂಜೆ ವಿದ್ಯಾ ಕಂಪನಿ ಕ್ಯಾಬಿನಿಂದ ಫೋನು ಮಾಡಿದಳು. ಹಿಂದೆ ಹಾರ್ನುಗಳ ಗದ್ದಲ, ಅದರ ನಡುವೆ ಸಣ್ಣಗೆ ಅತ್ತೆಯ ದನಿ. "ಒಂದೂವರೆ ತಾಸಾತು, ಒಂದs ಸಿಗ್ನಲ್‌ದಾಗ ನಿಂತೀನಿ. ಅಜ್ಜಿ ಹಾಡು ಕೇಳ್ಕೋತ ಆರಾಮ ಕೂತೀನಿ. ಅವ್ವನ ಕಡೆಯಿಂದ ತರಿಸಿ ಕ್ಲೌಡ್‌ದಾಗ ಇಟ್ಟಿದ್ದೆ. ನಿಮ್ಮ ಡಬ್ಬಿ ಇಲ್ಲಿಗೆ ಬರ್ತದೇನು?" ಎಂದಳು. ನನ್ನ ಡಬ್ಬಿಗೆ ಕಾಲಿರಲಿಲ್ಲ. ನಾನು ಸೋತೆ.

ಸೋತವನು ಸುಮ್ಮನಿರಬೇಕಿತ್ತು. ಆದರೆ ನಾನು ಸೋಲನ್ನೂ ಕ್ರಮಬದ್ಧವಾಗಿಯೇ ಸೋಲುತ್ತೇನೆ. ಮುಂದಿನ ಭಾನುವಾರ ವಿದ್ಯಾಳನ್ನು ಕೂರಿಸಿಕೊಂಡು ಮನೆಯ ಎಲ್ಲವನ್ನೂ, ಅವಳ ಖಾತೆಯಲ್ಲಿದ್ದ ಹಾಡುಗಳನ್ನೂ ಅಲ್ಲಿಂದ ತೆಗೆಸಿ, ಒಂದೇ ಕ್ಲೌಡ್ ಖಾತೆಗೆ ಸಾಗಿಸಿದೆ. ಸುಶೀಲಾಳ ಮೊಬೈಲನ್ನೂ ವಿದ್ಯಾಳೇ ಅದಕ್ಕೆ ಜೋಡಿಸಿ ಕೊಟ್ಟಳು. ಅವಳು ಅತ್ತ ಹೋದ ಮೇಲೆ ಹಾರ್ಡ್ ಡಿಸ್ಕನ್ನು ಪೂರ್ತಿ ಅಳಿಸಿ ಖಾಲಿ ಮಾಡಿದೆ. ಮಾಲು ಹೊಸ ಗೋದಾಮಿಗೆ ಹೋದ ಮೇಲೆ ಹಳೆಯದರಲ್ಲೇಕೆ?

ಕೆಲವು ತಿಂಗಳಲ್ಲಿ ವಿದ್ಯಾ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ಹೆಣ್ಣು ಕೂಸು. ಭಾನುವಾರ ತೊಟ್ಟಿಲು, ಹೆಸರಿಡುವುದು. ಸುಶೀಲಾಳ ಆಸೆ ಒಂದೇ: ಕೂಸನ್ನು ತೊಟ್ಟಿಲಿಗೆ ಹಾಕುವಾಗ ತನ್ನ ಅವ್ವನ ದನಿಯಲ್ಲೇ ಜೋಗುಳ ಆಗಬೇಕು. ಬುಧವಾರ ಬೆಳಿಗ್ಗೆ ನಾನು, ಸಮಾರಂಭಕ್ಕೆ ಮುಂಚೆ ಎಲ್ಲ ಸರಿಯಿರಲಿ ಎಂದು, ಅವಳ ಮೊಬೈಲ್ ತಪಾಸಣೆಗೆ ಕುಳಿತೆ. ನೋಡುತ್ತೇನೆ, ಕ್ಲೌಡಿನಲ್ಲಿರುವ ಹದಿನಾಲ್ಕು ಜೋಗುಳಗಳೂ ಮೊಬೈಲಿನಲ್ಲಿ ಕುಳಿತಿವೆ! ಎರಡು ಕಪಾಟಿನಲ್ಲಿ ಒಂದೇ ನಟ್ಟು. ಗುಂಡಿ ಒತ್ತಿದೆ. 'ಖಂಡಿತವಾಗಿಯೂ ಅಳಿಸಬೇಕೇ?' ಎಂದು ಯಂತ್ರ ವಿನಯದಿಂದ ಕೇಳಿತು. ಕೇಳಿ ಮಾಡುವವರೆಂದರೆ ನನಗೆ ಇಷ್ಟ, ಖಂಡಿತ ಎಂದೆ. ಅಳಿಸಿದ್ದೆಲ್ಲ ಕಸದ ಬುಟ್ಟಿಯಲ್ಲಿ ಬಿದ್ದಿತ್ತು. ತುಂಬಿದ ಬುಟ್ಟಿಯನ್ನು ಮನೆಯಲ್ಲಿಟ್ಟುಕೊಂಡು ಕೂರುವವನಲ್ಲ ನಾನು. ಅದನ್ನೂ ಖಾಲಿ ಮಾಡಿದೆ. ಆಮೇಲೆ ತೃಪ್ತಿಯಿಂದ ಕ್ಲೌಡ್ ತೆರೆದೆ. ಅಲ್ಲಿ ಒಂದು ಹಾಡೂ ಇರಲಿಲ್ಲ.

ವಿದ್ಯಾ ಕೂಸನ್ನು ಹೆಗಲಿಗೆ ಹಾಕಿಕೊಂಡೇ ಬಂದು ನೋಡಿ ಹಣೆ ಹಿಡಿದುಕೊಂಡಳು. "ಅವು ಎರಡು ಅಲ್ಲ ಅಪ್ಪಾ. ಕ್ಲೌಡ್‌ದಾಗ ಇದ್ದದ್ದೇ ಮೊಬೈಲ್‌ದಾಗ ಕಾಣಸ್ತಿತ್ತು. ಒಂದs ಖೋಲಿಯನ್ನ ಎರಡು ಕಿಟಕಿಯಿಂದ ನೋಡಿದ್ರಿ ನೀವು."

ಅಂದರೆ ನನ್ನ ಉಗ್ರಾಣದ ನಿಯಮವನ್ನು ಕ್ಲೌಡ್ ಅಕ್ಷರಶಃ ಪಾಲಿಸುತ್ತಿತ್ತು! ಒಂದು ವಸ್ತು, ಒಂದೇ ಜಾಗ. ನನ್ನ ಜೀವಮಾನದಲ್ಲಿ ಇಷ್ಟು ಒಳ್ಳೆಯ ಸಹಾಯಕ ನನಗೆ ಸಿಕ್ಕಿರಲಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಇದ್ದೇ ಇರುತ್ತದಲ್ಲ ಎಂದು ವಿದ್ಯಾ ಆಸೆಯಿಂದ ನನ್ನ ಮುಖ ನೋಡಿದಳು. ನಾನು ಫ್ಯಾನಿನ ಕಡೆ ನೋಡಿದೆ.

ಸುಶೀಲಾಳಿಗೆ ಹೇಳಲೇಬೇಕಾಯಿತು. ಅವಳು ಅಡಿಗೆಮನೆಯಲ್ಲಿ ಬಾಣಂತಿಗೆ ಅಂಟಿನುಂಡಿ ಕಟ್ಟುತ್ತಿದ್ದಳು. ನನ್ನ ಮಾತು ಕೇಳಿ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. "ಅವ್ವನ ದನಿ ಅಷ್ಟs ಉಳದಿತ್ರಿ" ಎಂದಳು, ಉಂಡಿ ಕಟ್ಟುವುದನ್ನು ಮುಂದುವರಿಸಿದಳು. ನಲವತ್ತೆರಡು ವರ್ಷದ ಸಂಸಾರದಲ್ಲಿ ನಾನು ಅವಳ ಬೈಗುಳಕ್ಕೆ ಹೆದರಿದ್ದೇನೆ. ಅದು ಬಾರದೇ ಹೋದದ್ದಕ್ಕೆ ಅಷ್ಟು ಹೆದರಿದ್ದು ಅಂದೇ. ಆ ಮಧ್ಯಾಹ್ನ ಊಟವನ್ನೂ ಮರೆತು ಖಾಲಿ ಡಬ್ಬಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಬಿಚ್ಚಿ, ಮತ್ತೆ ಸಿಕ್ಕಿಸಿ ಕುಳಿತಿದ್ದೆ.

ನಾಲ್ಕು ಗಂಟೆಗೆ ಇಂದಾಪುರದಿಂದ ಸುಶೀಲಾಳ ತಂಗಿ ಪದ್ಮಾಳ ಫೋನು. ತೊಟ್ಟಿಲಿಗೆ ಯಾವ ಬಸ್ಸಿಗೆ ಬರಲಿ ಎಂದು ಕೇಳಲು ಮಾಡಿದ್ದಳು. ಸುಶೀಲಾ ತಡೆಯಲಾರದೆ ಅತ್ತುಬಿಟ್ಟಳು. ಎಲ್ಲ ಕೇಳಿದ ಪದ್ಮಾಳ ನಗು ಫೋನಿನಾಚೆಗೂ ಹಾಲ್ ತುಂಬ ಕೇಳಿಸಿತು.

"ಅಕ್ಕಾ, ಅಳ್ತೀ ಯಾಕ? ಅವ್ವ ಹಾಡಿದ್ದನ್ನ ಆವಾಗ ನೀನs ನಮ್ಮ ಭಜನಾ ಗುಂಪಿನ ವಾಟ್ಸಾಪ್‌ಗೆ ಹಾಕಿದ್ದಿ. ನನ್ನ ಮೊಬೈಲ್‌ದಾಗ ಎಲ್ಲಾ ಅದಾವ. ನಾನೇನು ನಿಮ್ಮನೀ ಸಾಹೇಬ್ರಂಗ ಕಸಾ ಹೊಡಕೋತ ಕೂಡ್ತೀನೇನು?"

ಆ ಗುಂಪಿನಲ್ಲಿ ಸುಶೀಲಾಳ ಹೊರತು ಹದಿನಾರು ಮಂದಿ ಹೆಂಗಸರು; ಅವಳ ಮೊಬೈಲಿನದನ್ನು ನಾನೇ ತಿಂಗಳಿಗೊಮ್ಮೆ ಗುಡಿಸಿ ಖಾಲಿ ಮಾಡುತ್ತಿದ್ದೆ. ಉಳಿದವರ ಮೊಬೈಲುಗಳನ್ನು ನಾನು ಬಲ್ಲೆ. ಐದು ವರ್ಷದ ಶುಭೋದಯದ ಗುಲಾಬಿ, ಉಪ್ಪಿನಕಾಯಿಯ ವಿಡಿಯೋ, ಯಾರದೋ ಮೊಮ್ಮಗನ ಮೊದಲ ಹಲ್ಲು, ಏನನ್ನೂ ಅಳಿಸಿದವರಲ್ಲ. ಉಗ್ರಾಣಗಳಾಗಿದ್ದರೆ ಹದಿನಾರಕ್ಕೂ ಬೀಗ ಹಾಕಿಸುತ್ತಿದ್ದೆ. ಆ ಸಂತೆಗಳಿಂದ ಅಂದು ಸಂಜೆ ಜೋಗುಳಗಳು ಹೊರಟು ಬಂದವು. ಕೊಥ್ರೂಡಿನಿಂದ ಮೂರು, ಹಡಪಸರದಿಂದ ಐದು, ಇಂದಾಪುರದಿಂದ ಪೂರಾ ಹದಿನಾಲ್ಕು. ಒಂದೇ ಹಾಡು ಏಳು ಸಲ ಬಂದಿತು. ನಾನು ಒಂದನ್ನೂ ಮುಟ್ಟಲಿಲ್ಲ. ಸುಶೀಲಾ ಮೊಬೈಲನ್ನು ಕಿವಿಗೊತ್ತಿಕೊಂಡು ಅಡಿಗೆಮನೆಯಲ್ಲೇ ಒಂದು ಸುತ್ತು ಕುಣಿದಳು. ಆಮೇಲೆ ನನ್ನನ್ನು ಬೈಯಲು ಶುರುಮಾಡಿದಳು, ರಾತ್ರಿ ಊಟದವರೆಗೂ ಬೈದಳು. ನನಗೆ ಹಿತವಾಗಿತ್ತು.

ಭಾನುವಾರ ಮನೆ ತುಂಬ ಜನ. ಹದಿನಾರೂ ಹೆಂಗಸರು ತೊಟ್ಟಿಲ ಸುತ್ತ ಕುಳಿತರು. ವಿದ್ಯಾ ಸ್ಪೀಕರಿಗೆ ಜೋಡಿಸಿ ಹಾಡು ಹಚ್ಚಿದಳು. ಅತ್ತೆಯ ದನಿ ಎದ್ದಿತು; ಒಂದಿಬ್ಬರು ಕಣ್ಣೊರೆಸಿಕೊಂಡರು. ಎರಡನೆಯ ನುಡಿಯ ನಡುವೆ ಬಾಗಿಲು ದಡಾರನೆ ತೆರೆದ ಸದ್ದು, ಹಿಂದೆಯೇ ಒಂದು ಗಂಡುದನಿ: "ನನ್ನ ಕತ್ತರಿ ಎಲ್ಲಿ? ಯಾರು ತಗೊಂಡ್ರಿ? ಜಾಗಾದಾಗ ಇಲ್ಲ!" ದನಿ ನನ್ನದು. ಅತ್ತೆ ಹಾಡು ನಿಲ್ಲಿಸಿರಲಿಲ್ಲ. ರಾಗ ಕೆಡದಂತೆ ಅದರಲ್ಲೇ ಹೊಸೆದಿದ್ದರು:

"ಕತ್ತರಿ ಕಾಣವಲ್ದಂತ ಕೂಗ್ಯಾನ ನಮ್ಮಳಿಯ,
ಕಿಸೆದಾಗ ನೋಡೋ ಜಾಣಾ ಜೋ ಜೋ."

ಮನೆ ನಗೆಯಲ್ಲಿ ಮುಳುಗಿತು. ಆದರೆ ಹದಿನಾರು ಹೆಂಗಸರಲ್ಲಿ ಒಬ್ಬರಿಗೂ ಆಶ್ಚರ್ಯವಾದಂತೆ ಕಾಣಲಿಲ್ಲ. ಹಲವರು ಆ ಸಾಲನ್ನು ಜೊತೆಯಲ್ಲೇ ಹಾಡಿದರು. ನಾಲ್ಕು ವರ್ಷದಿಂದ ಅವರು ಇದನ್ನು ಕೇಳಿ ನಗುತ್ತಿದ್ದಾರೆ, ದಾರಿಯಲ್ಲಿ ಸಿಕ್ಕಾಗ ಗಂಭೀರವಾಗಿ "ಆರಾಮ ಇದ್ದೀರೇನ್ರಿ?" ಎಂದೂ ಕೇಳುತ್ತಿದ್ದಾರೆ.

ಅಂದಿನಿಂದ ನನ್ನ ಮೊಮ್ಮಗಳಿಗೆ ಬೇರೆ ಜೋಗುಳ ಒಗ್ಗುವುದಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ತೊಟ್ಟಿಲು ತೂಗುವ ಪಾಳಿ ನನ್ನದು. ಮೊಬೈಲಿನ ಹಾಡಿಗೆ ಅವಳು ಜಗ್ಗುವುದಿಲ್ಲ, ಎದುರಿಗೆ ಕುಳಿತವರೇ ಹಾಡಬೇಕು. ಮೊನ್ನೆ ಆ ಎರಡು ಸಾಲು ಬಿಟ್ಟು ಹಾಡಿ ನೋಡಿದೆ. ಕಣ್ಣು ಅರಳಿಸಿ ಕಿರುಚಿದಳು. ಬಾಗಿಲು ಹಾಕಿದೆಯೇ ಎಂದು ನೋಡಿಕೊಂಡು, ಗಂಟಲು ಸರಿಮಾಡಿಕೊಂಡು, ಹಾಡಿನ ಅಳಿಯನನ್ನು ಜಾಣ ಎಂದು ಹೀಯಾಳಿಸಿದೆ. ತಕ್ಷಣ ಮಲಗಿದಳು.