ರಿಯಾಕ್ಟರ್ ಅತ್ತೆಗೊಂದು ಗಂಡು

ಅಣುಶಕ್ತಿಯನ್ನು ಬಾಲ ಮುದುರಿಸಿ ಕೂರಿಸಿ, ಕುಕ್ಕರ್ ಕೂಗಿದರೆ ಜಗುಲಿಗೆ ಓಡುವ ನಮ್ಮ ಅತ್ತೆಯಂಥ ಇನ್ನೊಬ್ಬರನ್ನು ಹೊಸನಗರ ತಾಲ್ಲೂಕಿನಲ್ಲಿ ತೋರಿಸಿ, ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ!

ಅಪ್ಪನ ತಂಗಿ. ಸಂಶೋಧನೆಗೆಂದು ಕಟ್ಟಿದ ಪುಟ್ಟ ರಿಯಾಕ್ಟರೊಂದರ ಸುರಕ್ಷತೆ ನೋಡಿಕೊಳ್ಳುತ್ತಿದ್ದು, ನಿವೃತ್ತಿಯಾಗಿ ಊರಿಗೆ ಬಂದವರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ಯಾರಿಗಿದೆ?

"ಅದು ಸಿಡೀತಿರ್ಲಿಲ್ವಾ ಅತ್ತೆ?" ಎಂದು ಒಮ್ಮೆ ಕೇಳಿದ್ದೆ.

"ಎಂತ ಸಿಡಿಯೋದು! ನಾಲ್ಕಾರು ಮನೆ ಗೀಸರ್ ಒಟ್ಟಿಗೆ ಹಾಕಿದಷ್ಟು ಪವರ್ರು. ನೀರಿನ ಕೊಳದಲ್ಲಿ ತಣ್ಣಗೆ ಕೂತಿರ್ತದೆ. ಮೇಲೆ ಅದನ್ನ ತಡೆದು ನಿಲ್ಲಿಸೋ ಸರಳುಗಳನ್ನ ಅಯಸ್ಕಾಂತ ಹಿಡ್ಕೊಂಡಿರ್ತದೆ. ಕರೆಂಟ್ ಹೋಯ್ತಾ, ಅದು ಕೈಬಿಡ್ತು, ಸರಳು ದಬಕ್ಕಂತ ಒಳಗೆ ಬಿತ್ತು, ಎಲ್ಲ ನಿಂತ್ಹೋಯ್ತು!"

"ಹಂಗಾದ್ರೆ ನಮ್ಮೂರಿಗೆ ಹೇಳಿ ಮಾಡ್ಸಿದ್ದು. ಮಳೆಗಾಲ ಪೂರ್ತಿ ಕರೆಂಟಿರಲ್ಲ, ಶುರುವೇ ಆಗಲ್ಲ!"

ಅತ್ತೆ ನಗಲಿಲ್ಲ. ಹೊಸನಗರದಷ್ಟು ಸುರಕ್ಷಿತ ಜಾಗ ಇನ್ನೊಂದಿಲ್ಲವೆಂದು ತಲೆದೂಗಿದರು.

ಅವರ ಮನೆಯಲ್ಲಿ ಗ್ಯಾಸ್ ಆರಿಸಲು ಇಬ್ಬರು ಬೇಕು. ಒಬ್ಬರು ಆರಿಸಲು, ಇನ್ನೊಬ್ಬರು ಆರಿದ್ದು ನಿಜವೆನ್ನಲು! ಕೊಡಚಾದ್ರಿಗೆ ಹೊರಟಾಗ ನಿಟ್ಟೂರಿನಲ್ಲಿ ಜೀಪಿನ ಡ್ರೈವರನ್ನು ಕೆಳಗಿಳಿಸಿ ನಿಲ್ಲಿಸಿಕೊಂಡರು.

"ಬ್ರೇಕ್ ಹೋದ್ರೆ ಎಂತ ಮಾಡ್ತೀಯಾ?"

"ಹ್ಯಾಂಡ್ ಬ್ರೇಕ್ ಇದೆ ಅಮ್ಮ."

"ಅದೂ ಕೈಕೊಟ್ರೆ?"

"ಸಿಗಂದೂರಮ್ಮ ಇದ್ದಾಳೆ."

"ಅವಳನ್ನ ಬಿಟ್ಟು ಬೇರೆ ವ್ಯವಸ್ಥೆ ಹೇಳು!"

ಇಂಥವರನ್ನು ಮದುವೆಯಾಗುತ್ತೇನೆಂದು ತೀರ್ಥಹಳ್ಳಿಯಿಂದ ಒಂದು ಗಂಡು ಬರಬೇಕೆ! ಹೆಂಡತಿಯನ್ನು ಕಳೆದುಕೊಂಡ ನಿವೃತ್ತ ಮೇಷ್ಟ್ರು, ಮೆತ್ತಗಿನ ಮನುಷ್ಯ. ಅತ್ತೆಗೂ ಮನಸ್ಸಿತ್ತು. ಇಲ್ಲದಿದ್ದರೆ ಬೆಳಗ್ಗೆಯಿಂದ ಮೂರು ಸೀರೆ ಬದಲಾಯಿಸುತ್ತಿದ್ದರೇ? ಆದರೂ ಪರೀಕ್ಷೆ ಬಿಟ್ಟಾರೆಯೇ?

"ನಿಮಗೆ ಕಾಯಿಲೆ ಬಂದ್ರೆ?"

"ನೀವಿದ್ದೀರಲ್ಲ," ಎಂದರು ಮೇಷ್ಟ್ರು.

"ನಂಗೂ ಬಂದ್ರೆ?"

"ಇವನಿದ್ದಾನಲ್ಲ," ಎಂದು ನನ್ನ ಕಡೆ ಕೈ ಮಾಡಿದರು. ನನ್ನ ಬಾಯಲ್ಲಿದ್ದ ಉಪ್ಪಿಟ್ಟು ಅಲ್ಲೇ ನಿಂತಿತು.

ಅತ್ತೆಯ ದನಿ ಸಣ್ಣಗಾಯಿತು. "ಇಬ್ರಲ್ಲಿ ಒಬ್ರು ಮೊದಲು ಹೋಗೇ ಹೋಗ್ತೀವಲ್ಲ ಮೇಷ್ಟ್ರೇ. ಉಳಿದವರ ಗತಿ?"

"ಅಳ್ತಾರೆ," ಎಂದರು ಅವರು. "ನಾನೊಂದ್ಸಲ ಅತ್ತಿದ್ದೀನಿ. ಅದಕ್ಕೆ ಯಾವ ಸುರಕ್ಷತೆನೂ ಇಲ್ಲ. ಗೊತ್ತಿದ್ದೂ ನಿಮ್ಮನ್ನ ಕೇಳೋಕೆ ಬಂದಿದ್ದೀನಿ."

ಪ್ರಶ್ನೆಗೆ ಪ್ರಶ್ನೆ ಎಸೆಯುತ್ತಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮೇಷ್ಟ್ರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿ, ನನ್ನ ಕಡೆ ತಿರುಗಿದರು.

"ಧಾರೆ ಸೀರೆ ಸಾಗರ ಪೇಟೆಯಲ್ಲೇ ಸಿಗ್ತದೇನೋ?"

ಸಿಗುತ್ತದೆ ಎಂದೆ. ಎದ್ದು ಹೋಗಿ, ಕಾರಿನ ಬ್ರೇಕನ್ನು ಎರಡೆರಡು ಸಲ ಒತ್ತಿ ನೋಡಿದೆ.