ಮಾಸ್ತರು ಫಿಲ್ಟರಿಗೆ ಅಳತೆ ತೆಗೆದದ್ದು

“ಈ ಊರಲ್ಲಿ ನನ್ನ ಟೇಪು ಸುತ್ತದೇ ಇರೋ ಸೊಂಟ ಇಲ್ಲ ಕಣೇ! ಕೇವಲ ಒಂದು ಏರ್ ಫಿಲ್ಟರು! ಅದಕ್ಕೂ ಇನ್ನೊಬ್ಬರ ಹತ್ತಿರ ಹೇಳಿಸ್ಕೋಬೇಕಾ ನಾನು?”

ಟೈಲರ್ ಮಾಸ್ತರು ಹೀಗೆ ಗುಡುಗಿದ್ದು ಬುಧವಾರ ಬೆಳಗ್ಗೆ, ಒಂದು ಕೈಯಲ್ಲಿ ಕಾರಿನ ಬಾನೆಟ್ಟು, ಇನ್ನೊಂದು ಕೈಯಲ್ಲಿ ಅಳತೆ ಟೇಪು ಹಿಡಿದುಕೊಂಡು. ಎದುರಿಗೆ ಹೆಂಡತಿ ನಿಂತಿದ್ದಳು. ಅವಳ ಮುಖದಲ್ಲಿ ಇಪ್ಪತ್ತೆರಡು ವರ್ಷದ ಸಂಸಾರದ ಅನುಭವವೆಲ್ಲ ಒಟ್ಟಾಗಿ ನಿಂತಿತ್ತು.

ಗುಡುಗಿಗೆ ಕಾರಣವಿತ್ತು. ಮಾಸ್ತರ ಹೆಂಡತಿ ನರ್ಸು. ರೋಗಿಗಳ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ಒಳ್ಳೆಯ ಕೆಲಸವೊಂದು ಅವಳಿಗೆ ಸಿಕ್ಕಿತ್ತು. ಶರತ್ತು ಒಂದೇ: ಸೋಮವಾರ ಬರುವಾಗ ಡ್ರೈವಿಂಗ್ ಲೈಸೆನ್ಸ್ ತರಬೇಕು. ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಮೂರನೆಯದು ಶುಕ್ರವಾರ. ಅದೂ ಹೋದರೆ ಕೆಲಸಕ್ಕೆ ಎಳ್ಳುನೀರು!

ಕಾರೋ, ದಿಬ್ಬ ಕಂಡರೆ ಏದುಸಿರು ಬಿಡುತ್ತಿತ್ತು. ಮೆಕ್ಯಾನಿಕ್ ಬಂದು ನೋಡಿ ಹೇಳಿದ್ದ: “ಏರ್ ಫಿಲ್ಟರ್ ಧೂಳು ಕಟ್ಟಿದೆ ಮಾಸ್ತರೇ. ಕಂಪನಿದು ಬರೋಕೆ ಹತ್ತು ದಿನ. ಹೊರಗಡೆ ಸಿಗೋ ಬೇರೆ ಬ್ರ್ಯಾಂಡಿಂದೂ ಚೆನ್ನಾಗೇ ಇರುತ್ತೆ, ಆದ್ರೆ ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಸಂದಿ ಬಿಟ್ರೂ ಧೂಳು ಇಂಜಿನ್ನಿಗೇ ಹೋಗುತ್ತೆ. ಹಳೇದನ್ನ ಕೈಯಲ್ಲಿ ಹಿಡ್ಕೊಂಡು ಹೋಗಿ.”

ಹಳೆಯದನ್ನು ಹಿಡಿದುಕೊಂಡು ಹೋಗುವುದೇ! ಮಾಸ್ತರ ಸ್ವಾಭಿಮಾನಕ್ಕೆ ಸೂಜಿ ಚುಚ್ಚಿದಂತಾಯಿತು. ನಿಜಕ್ಕೂ ಇದಕ್ಕಿಂತ ವಿಚಿತ್ರ ಬೇರೆ ಇಲ್ಲ. ಏಕೆಂದರೆ ಮಾಸ್ತರ ಅಂಗಡಿಯ ಗೋಡೆಯ ಮೇಲೆಯೇ ಒಂದು ಬೋರ್ಡಿದೆ: ‘ಅಳತೆಗೆ ಹಳೆಯ ಬಟ್ಟೆ ತರದವರು ದಯವಿಟ್ಟು ಒಳಗೆ ಬರಬಾರದು.’ ಚೀಟಿಯಲ್ಲಿ ಅಳತೆ ಬರೆದುಕೊಂಡು ಬಂದ ಎಷ್ಟು ಗಿರಾಕಿಗಳನ್ನು ಅವರು ಬಾಗಿಲಿನಿಂದಲೇ ಓಡಿಸಿದ್ದಾರೋ! “ಟೇಪು ಸುಳ್ಳು ಹೇಳಬಹುದು, ಹಾಕಿ ಸವೆದ ಅಂಗಿ ಸುಳ್ಳು ಹೇಳಲ್ಲ” ಎಂಬುದು ಅವರದೇ ಉಪದೇಶ. ಆದರೆ ಉಪದೇಶ ಇರುವುದು ಊರಿಗೆ ತಾನೇ?

“ರೀ, ಈ ಹಳೇ ಫಿಲ್ಟರ್ ಜೊತೆಗೆ ಇಟ್ಕೊಳ್ಳಿ” ಎಂದಳು ಹೆಂಡತಿ.

“ಆ ಧೂಳು ತಿಂದ ಕಸಾನ ಹಿಡ್ಕೊಂಡು ನಾನು ಬೀದೀಲಿ ನಡೀಬೇಕಾ? ನನ್ನ ಇಸ್ತ್ರಿ ಏನಾಗಬೇಕು?”

ಅವಳೇ ಹಳೆಯದನ್ನು ಪೇಪರಿನಲ್ಲಿ ಸುತ್ತಿ ಡಿಕ್ಕಿಯೊಳಗೆ ಹಾಕಿದಳು.

ಮಾಸ್ತರು ಫಿಲ್ಟರಿನ ಪೆಟ್ಟಿಗೆಗೆ ಉದ್ದ ಹಿಡಿದರು, ಅಗಲ ಹಿಡಿದರು, ಚೀಟಿಯಲ್ಲಿ ಬರೆದರು. ಆಮೇಲೆ ಮೂವತ್ತು ವರ್ಷದ ಅಭ್ಯಾಸಬಲ ನೋಡಿ! ಸುತ್ತಲೂ ಅರ್ಧ ಇಂಚು ಜಾಸ್ತಿ ಸೇರಿಸಿದರು. ಅಂಗಿ ಬಿಗಿಯಾಯಿತು ಎಂದು ಯಾರೇ ದೂರಲಿ, “ಹೆದರಬೇಡಿ, ಒಳಗೆ ಬಟ್ಟೆ ಬಿಟ್ಟಿದ್ದೀನಿ” ಎನ್ನುವವರು ಅವರು. ಫಿಲ್ಟರಿಗೂ ಅದೇ ಮರ್ಯಾದೆ! ಎತ್ತರ ಎಂಬುದೊಂದಿದೆ ಎಂದು ಮಾತ್ರ ನೆನಪಾಗಲಿಲ್ಲ.

ಬಿಡಿಭಾಗದ ಅಂಗಡಿಯವನು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. “ಯಾವ ಮಾಡೆಲ್ಲು, ಯಾವ ವರ್ಷದ ಗಾಡಿ?”

“ವರ್ಷ ಕಟ್ಕೊಂಡು ಏನ್ ಮಾಡ್ತೀಯಪ್ಪಾ? ಅಳತೆ ಕೊಟ್ಟಿದ್ದೀನಲ್ಲ!”

“ಹಳೇದು ತಂದಿದ್ದೀರಾ?”

“ನಾನು ಯಾರು ಗೊತ್ತಾ?”

“ಗೊತ್ತಿಲ್ದೇ ಏನು? ಹೋದ ತಿಂಗಳು ಹಳೇ ಪ್ಯಾಂಟ್ ತಂದಿಲ್ಲ ಅಂತ ನನ್ನನ್ನ ಮೆಟ್ಟಿಲಿಂದಲೇ ವಾಪಸ್ ಕಳಿಸಿದ್ರಿ.” ಅವನು ನಗುತ್ತಲೇ ಚೀಟಿಯ ಅಳತೆಗೆ ಹತ್ತಿರದ ಒಂದು ಫಿಲ್ಟರನ್ನು ಮುಂದಿಟ್ಟ. “ಇದು ನಿಮ್ಮ ಗಾಡಿದು ಅಂತ ನಾನು ಹೇಳಿಲ್ಲ, ನೆನಪಿರ್ಲಿ.”

ಮನೆಗೆ ಬಂದು ಕೂರಿಸಿದರೆ, ಎಲ್ಲಿ ಕೂರುತ್ತದೆ! ಈ ಕಡೆ ಒತ್ತಿದರೆ ಆ ಕಡೆ ಏಳುತ್ತದೆ. ಬೇರೆಯವರಾಗಿದ್ದರೆ ವಾಪಸ್ ಕೊಟ್ಟು ಬರುತ್ತಿದ್ದರು. ಆದರೆ ಟೈಲರಿಗೆ ‘ಹೊಂದುವುದಿಲ್ಲ’ ಎಂಬ ಮಾತೇ ಇಲ್ಲ, ಇರುವುದು ‘ಆಲ್ಟರೇಷನ್’ ಒಂದೇ. ಸೀಮೆಸುಣ್ಣದಲ್ಲಿ ಗೆರೆ ಎಳೆದರು. ದೊಡ್ಡ ಕತ್ತರಿ ತೆಗೆದರು. ಸುತ್ತಲಿನ ರಬ್ಬರ್ ಅಂಚನ್ನು ಅಂದಕ್ಕೆ ಹಾಕಿದ ಪಟ್ಟಿ ಎಂದುಕೊಂಡು ಪರಪರ ಕತ್ತರಿಸಿದರು. ಗಾಳಿ ಸೋರದಂತೆ ತಡೆಯುವುದೇ ಆ ಅಂಚು ಎಂದು ಅವರಿಗೆ ಹೇಳುವವರು ಯಾರು? ಹೇಳಿದರೂ ಕೇಳುವವರು ಯಾರು?

ಈಗ ಫಿಲ್ಟರು ಸಡಿಲ! ಸುತ್ತ ಬೆರಳು ತೂರುವಷ್ಟು ಸಂದಿ. ಮಾಸ್ತರು ಧೃತಿಗೆಡಲಿಲ್ಲ. ಕೋಟಿನ ಲೈನಿಂಗಿಗೆಂದು ತಂದಿದ್ದ ಪಟ್ಟೆಪಟ್ಟೆ ಬಟ್ಟೆಯನ್ನು ಮಡಿಸಿ ನಾಲ್ಕೂ ಕಡೆ ತುರುಕಿದರು. ಎತ್ತರ ಹೆಚ್ಚಾಗಿ ಮುಚ್ಚಳ ಮುಚ್ಚಲಿಲ್ಲ. ಅದರ ಮೇಲೆ ಮೊಣಕೈ ಊರಿ, ಹಲ್ಲು ಕಚ್ಚಿ, ಕ್ಲಿಪ್ಪು ಹಾಕಿದರು.

“ಮುಗೀತಾ?” ಹೆಂಡತಿ ಕೇಳಿದಳು.

“ಮೈಗೆ ಹೊಲಿದ ಹಾಗಿದೆ! ಶುಕ್ರವಾರ ನೀನು ಕೂತ್ಕೊಂಡು ಸುಮ್ನೆ ಓಡ್ಸು.”

ಶುಕ್ರವಾರ ಪರೀಕ್ಷೆಯ ಮೈದಾನಕ್ಕೆ ಹೋಗುವ ದಾರಿಯಲ್ಲೇ ಕಾರು ಎರಡು ಸಲ ಕೆಮ್ಮಿತು. ಹೆಂಡತಿ ಗಂಡನ ಕಡೆ ನೋಡಿದಳು.

“ಹೊಸ ಬಟ್ಟೆ ಮೊದಮೊದಲು ಹಾಗೇನೇ” ಎಂದರು ಮಾಸ್ತರು. “ಮೈಗೆ ಹೊಂದ್ಕೋಬೇಕು.”

ಪರೀಕ್ಷೆ ಶುರುವಾಯಿತು. ಪಕ್ಕದ ಸೀಟಿನಲ್ಲಿ ಇನ್‌ಸ್ಪೆಕ್ಟರು. ಬೇಲಿಯಾಚೆ ಮಾಸ್ತರು. ಅವಳು ತಿರುವಿನಲ್ಲಿ ತಿರುಗಿಸಿದಳು, ಹಿಂದಕ್ಕೂ ತೆಗೆದಳು, ತಪ್ಪೇ ಇಲ್ಲ! ಉಳಿದದ್ದು ದಿಬ್ಬ. ಹಿಂದಿನ ಎರಡು ಸಲವೂ ಅವಳು ಸೋತದ್ದು ಅಲ್ಲಿಯೇ. ಅರ್ಧ ಏರಿದಳು, ನಿಲ್ಲಿಸಿದಳು, ಮತ್ತೆ ಹೊರಡಲು ಕಾಲು ಒತ್ತಿದಳು. ಕಾರು ಗೊರಗೊರ ಎಂದಿತು, ನಡುಗಿತು, ಉಸಿರು ಕಟ್ಟಿ ನಿಂತೇಬಿಟ್ಟಿತು!

“ಆಯ್ತಲ್ಲಮ್ಮಾ” ಎಂದು ಇನ್‌ಸ್ಪೆಕ್ಟರು ಪೆನ್ನು ಬಿಚ್ಚಿದರು.

“ಸಾರ್, ಇದು ನನ್ನ ತಪ್ಪಲ್ಲ. ಐದೇ ಐದು ನಿಮಿಷ ಕೊಡಿ.” ಅವಳು ಹ್ಯಾಂಡ್‌ಬ್ರೇಕ್ ಎಳೆದು, ಇಳಿದು ಬಾನೆಟ್ ಎತ್ತಿದಳು. ಕ್ಲಿಪ್ಪು ಬಿಚ್ಚಿದ ಕೂಡಲೇ ಮುಚ್ಚಳ ಟಪ್ಪೆಂದು ಹಾರಿತು. ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯ ಬಾಯಲ್ಲಿ ಬಟ್ಟೆಯ ತುದಿ ಕಾಣಿಸಿತು. ಎಳೆದಳು. ಮೊಳದುದ್ದ ಬಂತು. ಮತ್ತೆ ಎಳೆದಳು. ಇನ್ನೊಂದು ಮೊಳ!

“ಏನಮ್ಮಾ ಇದು?” ಇನ್‌ಸ್ಪೆಕ್ಟರ ಹುಬ್ಬು ಮೇಲೇರಿತು.

“ನಮ್ಮೆಜಮಾನ್ರು ಟೈಲರ್ ಸಾರ್” ಎಂದಳು ಅವಳು. “ಒಳಗೆ ಬಟ್ಟೆ ಬಿಟ್ಟಿದ್ದಾರೆ.”

ಇನ್‌ಸ್ಪೆಕ್ಟರು ನಗುತ್ತಾ ಪೆನ್ನು ಮುಚ್ಚಿ, “ಸರಿ, ಇನ್ನೊಂದು ಸಲ ಹತ್ತಿಸಿ” ಎಂದರು. ಬೇಲಿಯಾಚೆ ಮಾಸ್ತರು ಯಾವುದೋ ಮರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಡಿಕ್ಕಿಯಲ್ಲಿದ್ದ ಹಳೆಯ ಫಿಲ್ಟರನ್ನು ಅವಳು ತಂದಳು, ನೆಲಕ್ಕೆ ನಾಲ್ಕು ಸಲ ಬಡಿದು ಧೂಳು ಕೊಡವಿದಳು, ಪೆಟ್ಟಿಗೆಯಲ್ಲಿಟ್ಟಳು. ಅದು ತನ್ನ ಮನೆಗೆ ತಾನು ಬಂದಂತೆ ಕೂತಿತು. ಮುಚ್ಚಳ ಒಂದೇ ಬೆರಳಿಗೆ ಮುಚ್ಚಿತು. ಕಾರು ಏದುಸಿರು ಬಿಡುತ್ತಲೇ, ಒಂದಿಂಚೂ ಹಿಂದೆ ಜಾರದೆ ದಿಬ್ಬ ಹತ್ತಿತು. ಮೇಲೆ ತಲುಪಿದಾಗ ಅವಳಿಗೆ ಅಳುವೇ ಬಂದುಬಿಟ್ಟಿತು. ಪಾಸು!

ವಾಪಸ್ ಬರುವಾಗ ಅವಳು ನೇರವಾಗಿ ಬಿಡಿಭಾಗದ ಅಂಗಡಿಯ ಮುಂದೆ ಕಾರು ನಿಲ್ಲಿಸಿದಳು. ಹಳೆಯದನ್ನು ಕೌಂಟರಿನ ಮೇಲಿಟ್ಟಳು, ಮಾಡೆಲ್ಲು ಹೇಳಿದಳು, ವರ್ಷ ಹೇಳಿದಳು. ಅವನು ಕೊಟ್ಟ ಹೊಸದನ್ನು ಹಳೆಯದರ ಮೇಲಿಟ್ಟು ಉದ್ದ, ಅಗಲ, ಎತ್ತರ, ರಬ್ಬರ್ ಅಂಚು ಎಲ್ಲ ಕೂಡುತ್ತವೆಯೇ ಎಂದು ನೋಡಿದಳು. ಎರಡೇ ನಿಮಿಷದ ಕೆಲಸ. ಮಾಸ್ತರು ಕಾರಿನಿಂದ ಇಳಿಯಲೇ ಇಲ್ಲ.

ಸೋಮವಾರ ಹೆಂಡತಿ ಮಾಸ್ತರಿಗಿಂತ ಮುಂಚೆ ಎದ್ದು, ಕಾರು ತೆಗೆದುಕೊಂಡು ಕೆಲಸಕ್ಕೆ ಹೋದಳು. ಮಾಸ್ತರು ಅಂಗಡಿ ತೆರೆದು ಒಳಗೆ ಕಾಲಿಟ್ಟರೆ, ಗೋಡೆಯ ಬೋರ್ಡಿನ ಕೆಳಗೆ ಅಂಚು ಕತ್ತರಿಸಿದ ಆ ಫಿಲ್ಟರು ಮೊಳೆಗೆ ನೇತಾಡುತ್ತಿದೆ! ಅದರ ಮೇಲೆ ಅವರದೇ ಸೀಮೆಸುಣ್ಣದಲ್ಲಿ, ಹೆಂಡತಿಯ ದುಂಡು ಅಕ್ಷರದಲ್ಲಿ: ‘ಹಳೆಯದನ್ನು ತರದವರ ಪಾಡು.’

ತೆಗೆಯೋಣವೆಂದು ಕೈ ಚಾಚುವಷ್ಟರಲ್ಲಿ ಗಿರಾಕಿಯೊಬ್ಬ ಬಂದ. ಕೈಯಲ್ಲಿ ಚೀಟಿ. ಬೋರ್ಡು ಓದಿದ, ಫಿಲ್ಟರು ಓದಿದ, ಚೀಟಿಯನ್ನು ಮೆಲ್ಲಗೆ ಜೇಬಿಗೆ ಸೇರಿಸಿದ.

“ಅಯ್ಯೋ ಪಾಪ! ಯಾರು ಮಾಸ್ತರೇ ಈ ಪೆದ್ದ ಗಿರಾಕಿ?”

ಮಾಸ್ತರು ಸರಕ್ಕನೆ ಅವನ ಬೆನ್ನ ಹಿಂದೆ ಹೋಗಿ ನಿಂತು, ಎದೆಗೆ ಟೇಪು ಸುತ್ತಿ ಬಿಗಿಯಾಗಿ ಎಳೆದರು.

“ಉಸಿರು ಹಿಡ್ಕೊಳ್ಳಿ” ಎಂದರು. “ಮಾತಾಡಿದ್ರೆ ಅಳತೆ ತಪ್ಪುತ್ತೆ.”