ಮೊದಲ ಸಾಲಿನ ಮಹಾಪಂಡಿತ

"ಮಗಳಿಗೆ ಹಾಡು ನಾನೇ ಕಲಿಸ್ತೀನಿ!" ಅಂತ ನಾನು ಎದೆ ತಟ್ಟಿಕೊಂಡು ಘೋಷಿಸಿದಾಗ ನನ್ನ ಹೆಂಡತಿ ಡ್ಯೂಟಿಗೆ ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಒಂದು ಕಾಲಿಗೆ ಹಾಕಿಯಾಗಿತ್ತು, ಇನ್ನೊಂದು ಚಪ್ಪಲಿ ಕೈಯಲ್ಲೇ ಉಳಿಯಿತು.

"ನೀವಾ? ನಿಮಗೆಲ್ಲಿ ಹಾಡೋಕೆ ಬರುತ್ತೆ?"

"ನನಗೆ ಬರಬೇಕಾಗಿಲ್ಲ ಕಣೇ. ನನ್ನ ಸಿಸ್ಟಮ್ಮಿಗೆ ಬರುತ್ತಲ್ಲ!"

ಅವಳು ಆ ಚಪ್ಪಲಿಯನ್ನು ನನ್ನ ಕಡೆ ಎಸೆಯದೆ ಕಾಲಿಗೇ ಹಾಕಿಕೊಂಡಳು. ಆಸ್ಪತ್ರೆಯಲ್ಲಿ ನರ್ಸ್ ಅವಳು, ತಾಳ್ಮೆ ಅವಳ ಕೆಲಸದ ಒಂದು ಭಾಗ.

ಸಿಸ್ಟಮ್ ಅಂದರೆ ಏನು ಅಂತ ನಿಮಗೆ ಹೇಳಿಬಿಡಬೇಕು. ನಮ್ಮ ಹಾಲಿನಲ್ಲಿ ನನ್ನ ಎದೆಮಟ್ಟದ ಎರಡು ಸ್ಪೀಕರುಗಳಿವೆ. ಇಬ್ಬರು ಹಿಡಿದು ಎತ್ತಬೇಕಾದ ಒಂದು ಆಂಪ್ಲಿಫೈಯರ್ ಇದೆ. ಬಟ್ಟೆ ಒಣಹಾಕುವ ಹಗ್ಗಕ್ಕಿಂತ ದಪ್ಪನೆಯ ವೈರುಗಳಿವೆ. ಇವೆಲ್ಲ ಬಂದ ಮೇಲೆ ಸೋಫಾಕ್ಕೆ ಜಾಗವಿಲ್ಲದೆ ಅದು ಮಲಗುವ ಕೋಣೆಗೆ ಹೋಯಿತು, ಮಲಗುವ ಕೋಣೆಯ ಬೀರು ಅಡುಗೆಮನೆಗೆ ಹೋಯಿತು. ಹೀಗಾಗಿ ನಮ್ಮ ಮನೆಯಲ್ಲಿ ಸೀರೆ ಬೇಕಾದವರು ಒಲೆಯ ಪಕ್ಕ ಹುಡುಕಬೇಕು.

ನಾನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಯ ಮುಳ್ಳು ಸರಿಯಾಗಿ ನಡುವೆ ನಿಂತಿದೆಯೋ ಇಲ್ಲವೋ ಅಂತ ಕಣ್ಣು ಕಿರಿದು ಮಾಡಿ ನೋಡುವುದೇ ನನ್ನ ಹೊಟ್ಟೆಪಾಡು. ಅಂಥವನ ಮನೆಯಲ್ಲೇ ಒಂದು ಸ್ಪೀಕರು ಇನ್ನೊಂದಕ್ಕಿಂತ ಅರ್ಧ ಬೆರಳು ಮುಂದೆ ನಿಂತರೆ ಇಲಾಖೆಯ ಮರ್ಯಾದೆ ಏನಾಗಬೇಕು? ಟೇಪು ಹಿಡಿದು ಅಳೆದೆ. ಗಾರೆಯವರ ರಸಮಟ್ಟ ತಂದು ಇಟ್ಟು ನೋಡಿದೆ. ನಾನು ಕೂರಬೇಕಾದ ಜಾಗಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಆ ಗುರುತಿನ ಮೇಲೆ ಕೂತರೆ ಹಾಡುವವರು ಎದುರಿಗೇ ನಿಂತು ಹಾಡಿದ ಹಾಗಿರುತ್ತದಂತೆ. ಅಂಗಡಿಯವರು ಹೇಳಿದ್ದು.

ಪರೀಕ್ಷೆ ಮಾಡುವವನಿಗೆ ಒಂದು ಮಾದರಿ ಬಟ್ಟು, ಅಂದರೆ ಸರಿತೂಕದ ಕಲ್ಲು, ಬೇಕೇ ಬೇಕು. ನನ್ನ ಬಟ್ಟು ಒಂದು ಹಾಡು. ನನ್ನ ಹೆಂಡತಿ ಚಿಕ್ಕಂದಿನಿಂದ ಇಷ್ಟಪಟ್ಟ ಹಾಡು:

"ಕಿಟಕಿಗೆ ಬಂದ ಗುಬ್ಬಿಯೇ ಹೇಳು, ನಿನ್ನಯ ಮನೆಯೆಲ್ಲಿ?"

ಈ ಒಂದು ಸಾಲಿನಲ್ಲಿ ಏನೆಲ್ಲ ಇದೆ ಗೊತ್ತಾ? ಎಡಗಡೆ ಒಂದು ಸಣ್ಣ ಗಂಟೆ. ಬಲಗಡೆ ಕೊಳಲು. ನಡುವೆ ಹಾಡುವಾಕೆ. ಹಾಡುವ ಮುಂಚೆ ಆಕೆ ಎಳೆದುಕೊಳ್ಳುವ ಉಸಿರು! ಈ ನಾಲ್ಕೂ ಅವುಗಳ ಜಾಗದಲ್ಲೇ ಕೇಳಿಸಿದರೆ ಸಿಸ್ಟಮ್ ಪಾಸು. ಮೂರು ವರ್ಷದಿಂದ ಪರೀಕ್ಷೆ ನಡೆಯುತ್ತಿದೆ. ಗಂಟೆ ಸರಿಹೋದರೆ ಕೊಳಲು ಕೈಕೊಡುತ್ತದೆ, ಕೊಳಲು ದಾರಿಗೆ ಬಂದರೆ ಉಸಿರು ನಾಪತ್ತೆ! ಮೊದಲ ಸಾಲೇ ಪಾಸಾಗದೆ ಎರಡನೆಯ ಸಾಲಿಗೆ ಹೋಗುವುದು ಹೇಗೆ? ತಕ್ಕಡಿಯೇ ಸರಿಯಿಲ್ಲದಾಗ ಸಾಮಾನು ತೂಗಲು ಬಿಡುವ ಇನ್ಸ್‌ಪೆಕ್ಟರ್ ನಾನಲ್ಲ.

ಒಮ್ಮೆ ಗೋಡೆ ಗಡಿಯಾರದ ಟಿಕ್ ಟಿಕ್ ಉಸಿರಿಗೆ ಅಡ್ಡ ಬರುತ್ತಿದೆ ಅಂತ ಅದರ ಸೆಲ್ ತೆಗೆದಿಟ್ಟೆ. ವಾಪಸ್ ಹಾಕಲು ಮರೆತೆ. ಮರುದಿನ ನನ್ನ ಹೆಂಡತಿ ಗಡಿಯಾರ ನೋಡಿಕೊಂಡು ಆರಾಮಾಗಿ ತಲೆ ಬಾಚುತ್ತಾ ಕೂತಿದ್ದಾಗ ಅವಳ ಬಸ್ಸು ಆಸ್ಪತ್ರೆ ದಾಟಿ ಹೋಗಿತ್ತು. ಇನ್ನೊಮ್ಮೆ ಫ್ರಿಜ್ಜು ಗುಂಯ್ ಅಂತಿದೆ ಅಂತ ಅದರ ಪ್ಲಗ್ ಕಿತ್ತೆ. ಅದನ್ನೂ ಮರೆತೆ. ಹಾಲು ಒಡೆಯಿತು, ಅವಳ ಸಹನೆಯೂ ಒಡೆಯಿತು.

"ರೀ, ಮೂರು ವರ್ಷದಿಂದ ಅದೇ ಒಂದು ಸಾಲು! ನೀವು ಹಾಡು ಕೇಳ್ತಿದೀರೋ, ಹಾಡಿನ ಮೇಲೆ ಕೇಸು ಹಾಕ್ತಿದೀರೋ?"

"ನಿನಗೆ ಇದರ ಸೂಕ್ಷ್ಮ ಗೊತ್ತಾಗಲ್ಲ ಬಿಡೇ."

"ಹೌದು ಬಿಡಿ. ನನಗೆ ಬರೀ ಹಾಡು ಗೊತ್ತು."

ಹೀಗಿರುವಾಗ ಶಾಲೆಯ ವಾರ್ಷಿಕೋತ್ಸವ ಬಂತು. ನಮ್ಮ ಮಗಳು ಒಂದನೇ ಕ್ಲಾಸು. ಕಂಠ ಅಷ್ಟು ಚೂಪು ಅಂತ ನಾವು ಅವಳನ್ನು ಪೀಪಿ ಅಂತಲೇ ಕರೆಯುವುದು. ಮನೆಯಲ್ಲಿ ಬಾಯಿಗೆ ಬಿಡುವಿಲ್ಲ, ಹೊರಗೆ ಹೋದರೆ ಬಾಯಿಗೆ ಬೀಗ. ಕಳೆದ ವರ್ಷ ಗುಂಪು ನೃತ್ಯದಲ್ಲಿ ಇವಳನ್ನು ನಿಲ್ಲಿಸಿದ್ದರು. ಜನರನ್ನು ನೋಡಿದ್ದೇ ಪರದೆಯೊಳಗೆ ಸುತ್ತಿಕೊಂಡು ಅತ್ತುಬಿಟ್ಟಳು. ಬಿಡಿಸಿ ತರಲು ಇಬ್ಬರು ಟೀಚರು ಬೇಕಾದರು. ಅಂಥ ಪೀಪಿ ಈ ಸಲ ಹಾಡಿನ ಸ್ಪರ್ಧೆಗೆ ಯಾರು ಅಂತ ಕೇಳಿದಾಗ ತಾನಾಗಿ ಕೈ ಎತ್ತಿದಳಂತೆ!

"ಅವಳಾಗೇ ಕೈ ಎತ್ತಿದಾಳೆ ರೀ," ಅಂದಳು ಹೆಂಡತಿ. ಅವಳ ದನಿ ಮೆತ್ತಗಾಗಿತ್ತು. "ಈ ಸಲವೂ ಮುದುಡಿಕೊಂಡರೆ ಮತ್ತೆ ಯಾವತ್ತೂ ಸ್ಟೇಜ್ ಹತ್ತಲ್ಲ. ನನಗೆ ನೋಡಿದರೆ ಈ ತಿಂಗಳೆಲ್ಲ ಸಂಜೆ ಡ್ಯೂಟಿ. ಗುಬ್ಬಿ ಹಾಡು ಕಲೀತೀನಿ ಅಂತಿದಾಳೆ, ಹಾಳೆ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟು ಹೋಗ್ಲಾ?"

"ಹಾಳೆಯಾ! ಸಂಗೀತ ಕಿವಿಯಿಂದ ಬರಬೇಕು, ಹಾಳೆಯಿಂದಲ್ಲ. ಇಂಥ ಸಿಸ್ಟಮ್ ಇರೋ ಮನೆ ಮಗು ಹಾಳೆ ಹಿಡಿಯೋದಾ? ನೀನು ನಿಶ್ಚಿಂತೆಯಿಂದ ಹೋಗಿ ಬಾ!"

ನಾನು ಎದೆ ತಟ್ಟಿಕೊಂಡಿದ್ದು, ಅವಳು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದು ಆಗಲೇ. ಅವಳು ಹೋದಳು. ನಿಶ್ಚಿಂತೆಯಿಂದ ಹೋದಳು ಅಂತ ಪ್ರಮಾಣ ಮಾಡಿ ಹೇಳಲಾರೆ.

ದಿನಾ ಸಂಜೆ ಆಫೀಸಿನಿಂದ ಬಂದು ಮುಖ ತೊಳೆದು, ಗಡಿಯಾರದ ಸೆಲ್ ಕಿತ್ತು, ಫ್ಯಾನು ಆರಿಸಿ, ಪೀಪಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಾಠ ಶುರು ಮಾಡುತ್ತಿದ್ದೆ. ಕಿಟಕಿಗೆ ಬಂದ ಗುಬ್ಬಿಯೇ ಹೇಳು, ನಿನ್ನಯ ಮನೆಯೆಲ್ಲಿ? ತಕ್ಷಣ ನಿಲ್ಲಿಸುತ್ತಿದ್ದೆ.

"ಅಪ್ಪಾ, ಆಮೇಲೆ?"

"ಆಮೇಲೇನು?"

"ಗುಬ್ಬಿ ಏನು ಹೇಳ್ತು? ಮನೆ ಎಲ್ಲಿದೆಯಂತೆ?"

"ತಾಳು ಪುಟ್ಟ. ಗಂಟೆ ಬಲಗಡೆಗೆ ಸರೀತಾ ಇದೆ. ಮೊದಲು ಅದನ್ನ ಸರಿ ಮಾಡೋಣ. ಇನ್ನೊಂದ್ಸಲ."

ಎದ್ದು ಹೋಗಿ ಸ್ಪೀಕರನ್ನು ಒಂಚೂರು ತಿರುಗಿಸುತ್ತಿದ್ದೆ. ಬಂದು ಗುರುತಿನ ಮೇಲೆ ಕೂರುತ್ತಿದ್ದೆ. ಒಂದು ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳುತ್ತಿದ್ದೆ. ಆಮೇಲೆ ಆಂಪ್ಲಿಫೈಯರಿನ ಹಿಂದೆ ತಲೆ ತೂರಿಸಿ, ಹಿಂಭಾಗವನ್ನು ಲೋಕಕ್ಕೆ ತೋರಿಸುತ್ತಾ ವೈರು ಅಲ್ಲಾಡಿಸುತ್ತಿದ್ದೆ. "ಇದೇ ಕೊನೇ ಸಲ!" ಅನ್ನುತ್ತಿದ್ದೆ. ಪೀಪಿ ಮಾತಾಡದೆ ಎಲ್ಲವನ್ನೂ ನೋಡುತ್ತಿದ್ದಳು. ಎಂಥ ಶ್ರದ್ಧೆ ಮಗುವಿಗೆ ಅಂತ ನಾನು ಹಿಗ್ಗುತ್ತಿದ್ದೆ.

ಶಾಲೆಯ ರಿಹರ್ಸಲ್ ಕೂಡ ಆಯಿತು. ನಲವತ್ತು ಮಕ್ಕಳು, ಒಂದೇ ಮೈಕು. ಪ್ರತಿಯೊಬ್ಬರಿಂದಲೂ ಮೊದಲ ಸಾಲು ಮಾತ್ರ ಹಾಡಿಸಿದರಂತೆ. ಸಂಗೀತದ ಮಿಸ್ಸು ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ ಹೇಳಿದರು: "ಸರ್, ಮೊದಲ ಸಾಲನ್ನ ಇಷ್ಟು ಚೆನ್ನಾಗಿ ಹಾಡೋ ಮಗುವನ್ನ ನಾನು ನೋಡೇ ಇಲ್ಲ. ಉಸಿರು ಎಳೆದುಕೊಳ್ಳೋದು ಸಮೇತ ಎಷ್ಟು ಸ್ಪಷ್ಟ!"

ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಬರುವುದೊಂದು ಬಾಕಿ. ಹೆಂಡತಿ ಬಂದ ತಕ್ಷಣ ಉಪ್ಪು ಖಾರ ಹಚ್ಚಿ ವರದಿ ಒಪ್ಪಿಸಿದೆ.

"ಹೌದಾ! ಎಲ್ಲಿ, ಒಂದ್ಸಲ ಪೂರ್ತಿ ಹಾಡು ಪುಟ್ಟಿ, ನಾನೂ ಕೇಳ್ತೀನಿ."

"ಈಗ ಬೇಡ ಕಣೇ, ಗಂಟಲಿಗೆ ವಿಶ್ರಾಂತಿ ಬೇಕು. ಸ್ಟೇಜ್ ಮೇಲೇ ಕೇಳುವೆಯಂತೆ!" ಅಂದೆ. ನಿಜ ಹೇಳುತ್ತೇನೆ, ಪೂರ್ತಿ ಹಾಡು ಅನ್ನುವ ಮಾತು ನನ್ನ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ಹಾಡಿಗೆ ಮೂರು ನುಡಿ ಇದೆ ಅನ್ನುವುದನ್ನೇ ನಾನು ಮರೆತುಬಿಟ್ಟಿದ್ದೆ!

ಆ ದಿನ ಬಂದೇ ಬಂತು. ಶಾಲೆಯ ಹಾಲಿನಲ್ಲಿ ನಾನು ಮೊದಲ ಸಾಲಿನಲ್ಲಿ ಜಾಗ ಹಿಡಿದೆ. ಸುಮ್ಮನೆ ಹಿಡಿಯಲಿಲ್ಲ. ಎರಡು ಲೌಡ್‌ಸ್ಪೀಕರುಗಳ ನಡುವಿನ ದೂರವನ್ನು ಹೆಜ್ಜೆ ಹಾಕಿ ಅಳೆದು, ಸರಿಯಾಗಿ ಮಧ್ಯದ ಕುರ್ಚಿ ಯಾವುದು ಅಂತ ಕಂಡುಹಿಡಿದೆ. ಅದರಲ್ಲಿ ಕೂತಿದ್ದ ಅಜ್ಜನೊಬ್ಬರಿಗೆ ಕೈಮುಗಿದು ಪಕ್ಕಕ್ಕೆ ಸರಿಸಿದೆ. ಹೆಂಡತಿ ರಜೆ ಹಾಕಿ ಬಂದಿದ್ದಳು. ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು.

ಪೀಪಿ ಹಳದಿ ಫ್ರಾಕಿನಲ್ಲಿ ಬಂದು ನಿಂತಳು. ಪರದೆಯ ಕಡೆ ಒಮ್ಮೆ ನೋಡಿದಳು. ನನ್ನ ಜೀವ ಬಾಯಿಗೆ ಬಂತು. ಆದರೆ ಪರದೆಯೊಳಗೆ ಹೋಗಲಿಲ್ಲ. ಉಸಿರು ಎಳೆದುಕೊಂಡಳು. ಹಾಡಿದಳು!

"ಕಿಟಕಿಗೆ ಬಂದ ಗುಬ್ಬಿಯೇ ಹೇಳು, ನಿನ್ನಯ ಮನೆಯೆಲ್ಲಿ?"

"ನೋಡಿದೆಯಾ?" ಅಂತ ಹೆಂಡತಿಗೆ ಮೊಣಕೈಯಿಂದ ತಿವಿದೆ.

ಆಗ ಪೀಪಿ ಅಂಗೈ ಎತ್ತಿದಳು. "ತಾಳಿ ತಾಳಿ."

ಒಂದು ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೆ ವಾಲಿಸಿದಳು. "ಊಹೂಂ. ಗಂಟೆ ಬಲಗಡೆಗೆ ಸರೀತಾ ಇದೆ." ಎರಡು ಹೆಜ್ಜೆ ಪಕ್ಕಕ್ಕೆ ನಡೆದಳು. ಮತ್ತೆ ಅದೇ ಸಾಲು. "ಛೆ! ಉಸಿರು ಕೇಳಿಸ್ತಿಲ್ಲ." ಮೈಕಿನ ಕಂಬದ ಹಿಂದೆ ಹೋದಳು, ಬಗ್ಗಿದಳು, ಹಿಂಭಾಗವನ್ನು ಸಭೆಗೆ ತಿರುಗಿಸಿ ವೈರು ಅಲ್ಲಾಡಿಸಿದಳು! ಎದ್ದು ಬಂದು ಸೊಂಟದ ಮೇಲೆ ಕೈಯಿಟ್ಟು, "ಯಾರದು ಫ್ಯಾನ್ ಹಾಕಿದ್ದು? ಆರಿಸಿ!" ಅಂದಳು. ಹಿಂದುಗಡೆ ಯಾರೋ ನಿಜವಾಗಿಯೂ ಆರಿಸಿಬಿಟ್ಟರು. "ಇದೇ ಕೊನೇ ಸಲ!" ಅಂತ ಮತ್ತೆ ಅದೇ ಸಾಲು.

ಸಭೆ ಬಿದ್ದು ಬಿದ್ದು ನಕ್ಕಿತು. ಶಾಲೆಯ ಗುಮಾಸ್ತರು ನಕ್ಕರು, ಆಯಾ ನಕ್ಕಳು, ನಾನು ಎಬ್ಬಿಸಿದ್ದ ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಬೆನ್ನ ಹಿಂದೆ ಒಬ್ಬಾತ, "ಇದು ನಮ್ಮ ತಕ್ಕಡಿ ಸಾಹೇಬ್ರಲ್ವೇನ್ರಿ? ತದ್ರೂಪು!" ಅಂದ. ನನ್ನ ವ್ಯಾಪ್ತಿಗೆ ಬರುವ ಕಿರಾಣಿ ಅಂಗಡಿಯವನು. ಭೂಮಿ ಬಾಯಿ ಬಿಟ್ಟಿದ್ದರೆ ಕುರ್ಚಿ ಸಮೇತ ಇಳಿದುಬಿಡುತ್ತಿದ್ದೆ.

ನಗದೇ ಇದ್ದವರು ಮೂವರು. ನಾನು, ನನ್ನ ಹೆಂಡತಿ, ಮತ್ತು ಪೀಪಿ. ಯಾಕೆಂದರೆ ಅವಳು ತಮಾಷೆ ಮಾಡುತ್ತಿರಲಿಲ್ಲ. ಹಾಡೆಂದರೆ ಹೀಗೇ ಹಾಡುವುದು ಅಂತ ಅವಳು ನಂಬಿದ್ದಳು. ಯಾಕೆ ನಗುತ್ತಿದ್ದಾರೆ ಅಂತ ತಿಳಿಯದೆ ನಮ್ಮಿಬ್ಬರ ಮುಖ ಹುಡುಕಿದಳು. ಒಂದು ಕೈ ಮೆಲ್ಲಗೆ ಪರದೆಯ ಕಡೆ ಹೋಯಿತು.

ಸಂಗೀತದ ಮಿಸ್ಸು ಪಕ್ಕದಿಂದ ಪಿಸುಗುಟ್ಟಿದರು: "ಮುಂದೆ ಹಾಡು ಪುಟ್ಟಿ, ಮುಂದಿನ ಸಾಲು!"

"ಮುಂದೆ ಇಲ್ಲ ಮಿಸ್," ಅಂದಳು ಪೀಪಿ. ಮೈಕು ಅದನ್ನು ಕೊನೆಯ ಬೆಂಚಿನವರೆಗೂ ಮುಟ್ಟಿಸಿತು. "ನಮ್ಮನೇಲಿ ಈ ಹಾಡು ಇಷ್ಟೇ ಇರೋದು."

ನಗು ನಿಂತುಹೋಯಿತು. ನಾನು ಎದ್ದು ನಿಂತೆ. ಮುಂದಿನ ಸಾಲು ಹೇಳಿಕೊಡೋಣ ಅಂತ ಬಾಯಿ ತೆರೆದೆ. ಬಾಯಿ ತೆರೆದೇ ಇತ್ತು, ಸಾಲು ಮಾತ್ರ ಬರಲಿಲ್ಲ. ನನಗೂ ಗೊತ್ತಿರಲಿಲ್ಲ!

"ಕೂತ್ಕೊಳ್ಳಿ," ಅಂತ ನನ್ನ ಅಂಗಿ ಹಿಡಿದು ಎಳೆದು ಹೆಂಡತಿ ಎದ್ದಳು. ಅಲ್ಲಿಂದಲೇ ಹಾಡಿದಳು. ಮೈಕಿಲ್ಲ, ಕೊಳಲಿಲ್ಲ, ಗಂಟೆಯಿಲ್ಲ. ತಿಂಗಳಿಡೀ ವಾರ್ಡಿನಲ್ಲಿ ಕೂಗಾಡಿ ಗಂಟಲು ಸ್ವಲ್ಪ ಒಡೆದಿತ್ತು ಕೂಡ. ಎರಡನೆಯ ಸಾಲು ಅವಳು ಹಾಡಿದಳು, ಪೀಪಿ ತಿರುಗಿ ಹಾಡಿದಳು. ಮೂರನೆಯದು ಅವಳು, ಹಿಂದೆಯೇ ಪೀಪಿ. ಪರದೆಯ ಕಡೆ ಹೋಗಿದ್ದ ಕೈ ವಾಪಸ್ ಬಂತು. ಎರಡನೆಯ ನುಡಿಯಲ್ಲಿ ಗುಬ್ಬಿ ತನ್ನ ಮನೆ ಎಲ್ಲಿ ಅಂತ ಹೇಳಿತು: ನಿಮ್ಮ ಮನೆಯ ಮಾಡಿನ ಸಂದಿನಲ್ಲೇ, ನೀವು ತಲೆ ಎತ್ತಿ ನೋಡಿಲ್ಲ ಅಷ್ಟೇ. ಮೂರು ವರ್ಷದಿಂದ ನಾನು ಸಾವಿರಾರು ಸಲ ಕೇಳಿಸಿಕೊಂಡ ಪ್ರಶ್ನೆಗೆ ಉತ್ತರವೊಂದಿದೆ ಅಂತಲೇ ನನಗೆ ತಿಳಿದಿರಲಿಲ್ಲ. ಮೂರನೆಯ ನುಡಿಯ ಹೊತ್ತಿಗೆ ಪೀಪಿಯ ಕಂಠ ಅವಳ ಅಮ್ಮನ ಕಂಠಕ್ಕಿಂತ ಮುಂದೆ ಓಡುತ್ತಿತ್ತು.

ನಾನು ಅತ್ತೆ. ಮುಚ್ಚಿಡುವುದೇನು, ಮೂಗು ಸೊರಸೊರ ಅನ್ನುವ ಹಾಗೆ ಅತ್ತೆ. ಪಕ್ಕದ ಅಜ್ಜ ತಮ್ಮ ಕರ್ಚೀಫು ಕೊಟ್ಟು, "ಒರೆಸ್ಕೊಳ್ಳಿ. ಮಧ್ಯದ ಕುರ್ಚಿಗೆ ಸರಿಯಾಗಿ ಕೇಳಿಸ್ತು ತಾನೇ?" ಅಂದರು.

ಚಪ್ಪಾಳೆ ಬಿತ್ತು ನೋಡಿ, ಅಷ್ಟು ಚಪ್ಪಾಳೆ! ಪೀಪಿ ಇಳಿದು ಓಡಿ ಬಂದು ಅಮ್ಮನ ಸೊಂಟ ತಬ್ಬಿಕೊಂಡು ಕೇಳಿದ್ದು ಒಂದೇ: "ಅಮ್ಮಾ, ಮುಂದಿನ ವರ್ಷನೂ ಹಾಡ್ಲಾ?"

ಹೆಂಡತಿ ಅವಳ ನೆತ್ತಿಗೆ ಮುತ್ತಿಟ್ಟಳು. ಆಮೇಲೆ ತಾನು ಎಳೆದು ಸುಕ್ಕು ಮಾಡಿದ್ದ ನನ್ನ ಅಂಗಿಯನ್ನು ಸರಿಮಾಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬಚಾವು. ಆದರೆ ಬಹುಮಾನ ವಿತರಣೆ ಬಾಕಿಯಿತ್ತು. ಹಾಡಿನ ಬಹುಮಾನ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಹೋಯಿತು, ನ್ಯಾಯವಾಗಿಯೇ ಹೋಯಿತು. ಆಮೇಲೆ ಹೆಡ್‌ಮಿಸ್ಸು ಕನ್ನಡಕ ಸರಿಮಾಡಿಕೊಂಡು ಓದಿದರು: "ಏಕಪಾತ್ರಾಭಿನಯ, ಮೊದಲ ಬಹುಮಾನ..." ಓದಿದ್ದು ನಮ್ಮ ಪೀಪಿಯ ಹೆಸರು!

ಪೀಪಿ ಧೈರ್ಯವಾಗಿ ಮೆಟ್ಟಿಲು ಹತ್ತಿದಳು. ಹಿಂದೆಯೇ ನಾವಿಬ್ಬರೂ ಹೋದೆವು. ಹೆಡ್‌ಮಿಸ್ಸು ಪ್ರಶಸ್ತಿಪತ್ರದ ಮೇಲೆ ಪೆನ್ನು ಹಿಡಿದು ಕೇಳಿದರು: "ಇಲ್ಲಿ, 'ಅಭಿನಯಿಸಿದ ಪಾತ್ರ' ಅಂತ ಒಂದು ಜಾಗ ಖಾಲಿಯಿದೆ. ಏನಂತ ಬರೀಲಿ?"

ನಾನು ಕೆಮ್ಮಿದೆ. "ಮೇಡಂ, ಅದು... ಯಾರೋ ಒಬ್ಬ ಕಾಲ್ಪನಿಕ..."

"ಅಪ್ಪ ಅಂತ ಬರೀರಿ," ಅಂದಳು ನನ್ನ ಹೆಂಡತಿ.

ಹೆಡ್‌ಮಿಸ್ಸು ಬರೆದರು. ಬರೆದು, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಕಾಗದವನ್ನು ನನ್ನ ಕಡೆ ತಿರುಗಿಸಿದರು. ಅದರ ಕೆಳಗೆ ಅಚ್ಚಾಗಿತ್ತು: 'ಮೇಲಿನ ವಿವರಗಳನ್ನು ಪರಿಶೀಲಿಸಿದ್ದೇನೆ, ಎಲ್ಲವೂ ಸರಿಯಾಗಿವೆ. ಪೋಷಕರ ಸಹಿ.'

ಪರಿಶೀಲಿಸಿದೆ. ಎಲ್ಲವೂ ಸರಿಯಾಗಿತ್ತು. ಸಹಿ ಹಾಕಿದೆ.